ನಾಲ್ಕು ಮಿಲಿಗ್ರಾಂ ಸಾಲದು: ಹೊರದೇಶದವರ ಜೊತೆಗೂಡಿ ಕಲಿತ ವ್ಯಸನ ಚಿಕಿತ್ಸೆ

ವ್ಯಸನ ಚಿಕಿತ್ಸೆಯ ವಿಚಾರದಲ್ಲಿ ಹೊರದೇಶದವರ ಜೊತೆ ಕೆಲಸ ಮಾಡುವುದೆಂದರೆ ವಿಮಾನ, ಹೋಟೆಲು, ಕೊರಳಲ್ಲಿ ಗುರುತಿನ ಚೀಟಿ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅದೂ ಒಂದಿಷ್ಟು ಆಯಿತು. ಆ ಸಮ್ಮೇಳನಗಳಲ್ಲಿ ಕೊಟ್ಟ ಬಟ್ಟೆ ಚೀಲಗಳಲ್ಲಿ ನಮ್ಮ ಮನೆಗೆ ಈಗಲೂ ತರಕಾರಿ ಬರುತ್ತದೆ. ನನ್ನ ಕೆಲಸದ ರೀತಿಯನ್ನು ಬದಲಿಸಿದ್ದು ಮಾತ್ರ ಅವಲ್ಲ. ಹೊರರೋಗಿಗಳ ಸಾಲು ಕರಗಿದ ಮೇಲೆ ನರ್ಸ್ ಕೋಣೆಯ ಕಂಪ್ಯೂಟರ್ ಮುಂದೆ ಕುಳಿತು, ಒಬ್ಬನೇ ಒಬ್ಬ ರೋಗಿಯ ಬಗ್ಗೆ ನಾಲ್ಕಾರು ದೇಶಗಳ ಚಿಕಿತ್ಸಕರೊಂದಿಗೆ ನಡೆಸುವ ಚರ್ಚೆ.

ನಾನು ಮನೋವೈದ್ಯೆ. ಬೆಂಗಳೂರಿನಲ್ಲಿ ಚುಚ್ಚುಮದ್ದಿನ ಮೂಲಕ ಮಾದಕವಸ್ತು ತೆಗೆದುಕೊಳ್ಳುವವರಿಗೆ ಬದಲಿ ಔಷಧ ಕೊಡುವ ಕೇಂದ್ರದಲ್ಲಿ ಕೆಲಸ. ಇದನ್ನು ಒಎಸ್‌ಟಿ ಎನ್ನುತ್ತಾರೆ. ಹೆರಾಯಿನ್ ಅಥವಾ ಅದೇ ಜಾತಿಯ ನೋವಿನ ಮಾತ್ರೆಗೆ ಅಂಟಿಕೊಂಡವರಿಗೆ ಬುಪ್ರೆನಾರ್ಫಿನ್ ಮಾತ್ರೆಯನ್ನು ಪುಡಿ ಮಾಡಿ, ನರ್ಸ್ ಎದುರಿಗೇ ನಾಲಿಗೆಯ ಕೆಳಗೆ ಹಾಕುತ್ತೇವೆ. ಕರಗುವವರೆಗೆ ಬೆಂಚಿನ ಮೇಲೆ ಕೂರಬೇಕು, ಆಮೇಲೆ ಬಾಯಿ ತೆರೆದು ತೋರಿಸಬೇಕು. ನಶೆ ಏರುವುದಿಲ್ಲ, ಯಾತನೆಯೂ ಇಲ್ಲ. ಮನುಷ್ಯ ಸೂಜಿ ಬಿಟ್ಟು ಕೆಲಸಕ್ಕೆ ಹೋಗುತ್ತಾನೆ. ಭಾರತದಲ್ಲಿ ಇದು ಹೊಸದೇನಲ್ಲ. ದೆಹಲಿಯ ಶರಣ್ ಸಂಸ್ಥೆ 1993ರಲ್ಲೇ ಆರಂಭಿಸಿತ್ತು. ಮುಂದೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ತನ್ನ ಕಾರ್ಯಕ್ರಮದೊಳಗೆ ತಂದುಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಬುಪ್ರೆನಾರ್ಫಿನ್ ಮತ್ತು ಇನ್ನೊಂದು ಬದಲಿ ಔಷಧವಾದ ಮೆಥಡೋನ್ ಎರಡನ್ನೂ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಔಷಧವಿದೆ, ಮಾರ್ಗಸೂಚಿಯಿದೆ, ಸಂಶೋಧನೆ ಬೇಕಾದಷ್ಟಿದೆ. ಹಾಗಾದರೆ ಹೊರಗಿನವರಿಂದ ನಮಗೇನು ಬೇಕಿತ್ತು? ನನ್ನ ಮಟ್ಟಿಗೆ ಉತ್ತರ ಸರಳ. ಕಾಗದದ ಮೇಲಿರುವುದನ್ನು ಆಚರಣೆಗೆ ತರುವಾಗ ಇಡೀ ತಂಡಕ್ಕೆ, ಅಂದರೆ ನರ್ಸ್, ಫಾರ್ಮಸಿಸ್ಟ್, ಆಪ್ತಸಮಾಲೋಚಕ, ಪಿಯರ್ ಎಜುಕೇಟರ್ (ಇದೇ ಚಟದ ಅನುಭವವಿದ್ದು, ಜೊತೆಯವರಿಗೆ ತಿಳಿಹೇಳುವವರು) ಎಲ್ಲರಿಗೂ, ಧೈರ್ಯ ಬೇಕು. ಅದು ಉಪನ್ಯಾಸದಿಂದ ಬರುವುದಿಲ್ಲ. ಅದೇ ಕೆಲಸವನ್ನು ಬೇರೆಡೆ ದಿನವೂ ಮಾಡುವವರನ್ನು ಹಿಡಿದು ಕೂರಿಸಿಕೊಂಡು, ‘ನಮ್ಮ ಈ ರೋಗಿಗೆ ನೀವಾದರೆ ಏನು ಮಾಡುತ್ತಿದ್ದಿರಿ?’ ಎಂದು ಕೇಳಿದಾಗ ಬರುತ್ತದೆ.

ಈ ಚರ್ಚೆಯ ಮಾದರಿ ನಮ್ಮದಲ್ಲ. ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಡಾ. ಸಂಜೀವ್ ಅರೋರಾ 2003ರಲ್ಲಿ ‘ಎಕೋ’ ಎಂಬ ಹೆಸರಿನಲ್ಲಿ ಹೆಪಟೈಟಿಸ್ ಸಿ ಕಾಯಿಲೆಗಾಗಿ ಇದನ್ನು ಶುರು ಮಾಡಿದರು. ಪರಿಣತರನ್ನು ನೋಡಲು ರೋಗಿಗಳು ನೂರಾರು ಮೈಲಿ ಬರುವ ಬದಲು, ಹಳ್ಳಿಯ ವೈದ್ಯರೇ ವಾರಕ್ಕೊಮ್ಮೆ ವಿಡಿಯೊದಲ್ಲಿ ಸೇರಿ ತಮ್ಮ ರೋಗಿಗಳ ಬಗ್ಗೆ ಚರ್ಚಿಸುವುದು. 2011ರಲ್ಲಿ ಪ್ರಕಟವಾದ ಅವರ ಫಲಿತಾಂಶದಲ್ಲಿ, ವಿಶ್ವವಿದ್ಯಾಲಯದ ಕ್ಲಿನಿಕ್‌ನಲ್ಲಿ ಗುಣವಾದವರು ಶೇ 57.5, ಹಳ್ಳಿ ಮತ್ತು ಜೈಲುಗಳ ವೈದ್ಯರ ಕೈಯಲ್ಲಿ ಗುಣವಾದವರು ಶೇ 58.2. ನಮ್ಮ ನಿಮ್ಹಾನ್ಸ್ ಇದೇ ದಾರಿಯಲ್ಲಿ ವರ್ಚುವಲ್ ನಾಲೆಡ್ಜ್ ನೆಟ್‌ವರ್ಕ್ ಕಟ್ಟಿ ಬಿಹಾರ, ಛತ್ತೀಸಗಡದಂಥ ರಾಜ್ಯಗಳ ವೈದ್ಯರಿಗೂ ಆಪ್ತಸಮಾಲೋಚಕರಿಗೂ ವ್ಯಸನ ಚಿಕಿತ್ಸೆಯ ತರಬೇತಿ ಕೊಟ್ಟಿದೆ. ನಾವು ಸೇರಿಕೊಂಡ ಗುಂಪು ಚಿಕ್ಕದು. ನಮಗೆ ಮಧ್ಯಾಹ್ನ ಎರಡೂವರೆಯಾದಾಗ ಘಾನಾದ ಅಕ್ರಾದಲ್ಲಿ ಬೆಳಿಗ್ಗೆ ಒಂಬತ್ತು, ಟಾಸ್ಮೇನಿಯಾದ ಹೋಬಾರ್ಟ್‌ನಲ್ಲಿ ಸಂಜೆಯಾಗಿರುತ್ತದೆ. ಫ್ರಾನ್ಸ್‌ನವರು ಕಾಫಿ ಲೋಟ ಹಿಡಿದೇ ಬರುತ್ತಾರೆ.

ನಾವು ಮೊದಲು ಮುಂದಿಟ್ಟದ್ದು ಒಬ್ಬ ವೆಲ್ಡರ್‌ನ ಪ್ರಕರಣ. ಹೆಸರು, ಊರು ಯಾವುದನ್ನೂ ಹೇಳುವುದಿಲ್ಲ; ವಯಸ್ಸು, ಕಸುಬು, ಎಷ್ಟು ವರ್ಷದ ಚಟ, ಈಗ ಏನು ತೊಂದರೆ, ಅಷ್ಟೇ. ದಿನಕ್ಕೆ ನಾಲ್ಕು ಮಿಲಿಗ್ರಾಂ ಬುಪ್ರೆನಾರ್ಫಿನ್ ಪಡೆಯುತ್ತಿದ್ದವನು ವಾರದಲ್ಲಿ ಎರಡು ಮೂರು ಸಲ ಸಂಜೆ ಮತ್ತೆ ಚುಚ್ಚಿಕೊಳ್ಳುತ್ತಿದ್ದ. ಡೋಸ್ ಏರಿಸೋಣ ಎಂದು ನಾನು ಹೇಳಿ ಹೇಳಿ ಸಾಕಾಗಿತ್ತು. ‘ಇನ್ನೂ ಹೆಚ್ಚು ಕೊಟ್ಟರೆ ನಾವೇ ನಶೆ ಹಂಚಿದಂತಾಗುತ್ತದೆ ಮೇಡಂ, ಆಡಿಟ್‌ನವರು ಕೇಳಿದರೆ ಏನು ಹೇಳಲಿ?’ ಎಂಬುದು ಫಾರ್ಮಸಿಸ್ಟ್ ಅವರ ಆತಂಕ. ಅವರದು ಹುಸಿ ಭಯವಲ್ಲ. ದಾಸ್ತಾನು ಪುಸ್ತಕಕ್ಕೆ ಸಹಿ ಹಾಕುವವರು ಅವರು. ನಮ್ಮ ಕಡೆ ನಾಲ್ಕಕ್ಕೋ ಆರಕ್ಕೋ ನಿಲ್ಲಿಸುವ ರೂಢಿ ಬೆಳೆದದ್ದು ವೈದ್ಯಶಾಸ್ತ್ರದಿಂದ ಅಲ್ಲ, ಇಂಥ ಭಯಗಳಿಂದ.

ಅಂದು ಯಾರೂ ನಮಗೆ ಪಾಠ ಮಾಡಲಿಲ್ಲ. ಪ್ರಶ್ನೆ ಕೇಳಿದರು. ಡೋಸ್ ಆದ ಎಷ್ಟು ಹೊತ್ತಿಗೆ ಬೆವರು, ಆಕಳಿಕೆ ಶುರುವಾಗುತ್ತದೆ? ರಾತ್ರಿ ನಿದ್ದೆ ಹೇಗಿದೆ? ಚುಚ್ಚಿಕೊಂಡಾಗ ನಶೆ ಹತ್ತುತ್ತದೆಯೇ, ಇಲ್ಲವೇ? ಉತ್ತರಗಳು ನನಗಿಂತ ನಮ್ಮ ಸಿಸ್ಟರ್‌ಗೆ ಚೆನ್ನಾಗಿ ಗೊತ್ತಿದ್ದವು. ಸಂಜೆಯ ಹೊತ್ತಿಗೆ ಕಾಲು ಸೆಳೆತ ಬರುತ್ತದಂತೆ, ಚುಚ್ಚಿಕೊಂಡರೆ ನಶೆ ಸಿಗುತ್ತದಂತೆ. ನಶೆ ಸಿಗುತ್ತದೆ ಎಂದರೆ ನಶೆಯ ವಸ್ತು ಹೋಗಿ ಕೂರುವ ಮೆದುಳಿನ ಗ್ರಾಹಕಗಳಲ್ಲಿ (ರಿಸೆಪ್ಟರ್) ಇನ್ನೂ ಖಾಲಿ ಜಾಗವಿದೆ, ಡೋಸ್ ಸಾಲದು ಎಂದೇ ಅರ್ಥ. 2014ರ ಕಾಕ್ರೇನ್ ಸಮೀಕ್ಷೆ 31 ಪ್ರಯೋಗಗಳನ್ನು ಒಟ್ಟು ಹಾಕಿ ಹೇಳಿದ್ದೂ ಇದನ್ನೇ. ಕಡಿಮೆ ಡೋಸ್ ಕೊಟ್ಟರೂ ರೋಗಿ ಚಿಕಿತ್ಸೆಯಲ್ಲಿ ಉಳಿಯುತ್ತಾನೆ, ಆದರೆ ಹೊರಗಿನ ನಶೆಯನ್ನು ಗಣನೀಯವಾಗಿ ತಡೆಯುವುದು 16 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚಿನ ಡೋಸ್. ಆ ಸಮೀಕ್ಷೆಯ ಪ್ರತಿ ನಮ್ಮ ಕಪಾಟಿನಲ್ಲಿ ಎಂದಿನಿಂದಲೋ ಇತ್ತು. ಫಾರ್ಮಸಿಸ್ಟ್ ಮನಸ್ಸು ತಿರುಗಿದ್ದು ಅದರಿಂದಲ್ಲ. ಫ್ರಾನ್ಸ್‌ನ ಒಬ್ಬ ಸಾಮಾನ್ಯ ವೈದ್ಯರು, ಮನೋವೈದ್ಯರೂ ಅಲ್ಲ, ತಮ್ಮ ಪೇಟೆಯ ಕ್ಲಿನಿಕ್‌ನಲ್ಲಿ ಹನ್ನೆರಡು, ಹದಿನಾರು ಮಿಲಿಗ್ರಾಂ ಬರೆದುಕೊಡುವುದನ್ನು ಬಿಪಿ ಮಾತ್ರೆ ಬರೆದಂತೆ ಸಹಜವಾಗಿ ಹೇಳಿದ್ದರಿಂದ. ಅಲ್ಲಿ 1996ರಿಂದಲೂ ಸಾಮಾನ್ಯ ವೈದ್ಯರೇ ಇದನ್ನು ಬರೆಯಬಹುದು. 1995 ಮತ್ತು 1999ರ ನಡುವೆ ಆ ದೇಶದಲ್ಲಿ ಹೆರಾಯಿನ್ ಮಿತಿಮೀರಿ ಸತ್ತವರ ಸಂಖ್ಯೆ ಶೇ 79ರಷ್ಟು ಇಳಿಯಿತು.

ವೆಲ್ಡರ್‌ನ ಡೋಸ್ ಹಂತ ಹಂತವಾಗಿ ಏರಿತು. ಸಂಜೆಯ ಚುಚ್ಚು ನಿಂತಿತು. ಆಡಿಟ್‌ನವರು ಬಂದು ಹೋದರು, ಏನನ್ನೂ ಕೇಳಲಿಲ್ಲ.

ಇಷ್ಟರವರೆಗೆ ನಾವು ಪಡೆದವರು. ಕೊಡುವ ಸರದಿ ಬಂದದ್ದು ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆಯ ವಿಷಯದಲ್ಲಿ. ನಮ್ಮಲ್ಲಿಗೆ ಬರುವ ಹೊಸಬರಲ್ಲಿ ಹೆರಾಯಿನ್ ಮುಟ್ಟದವರೇ ಹೆಚ್ಚಾಗಿದ್ದಾರೆ. ಅವರು ಚುಚ್ಚಿಕೊಳ್ಳುವುದು ಔಷಧದಂಗಡಿಯ ನೋವಿನ ಮಾತ್ರೆ. 2018ರ ಏಪ್ರಿಲ್‌ನಲ್ಲಿ ಟ್ರಮಡಾಲ್ ಎಂಬ ಅಂಥದೇ ನೋವಿನ ಮಾತ್ರೆಯನ್ನು ಕೇಂದ್ರ ಸರ್ಕಾರ ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೆ ತಂದಿತು. ಬೇಡಿಕೆ ಹಾಗೆಯೇ ಉಳಿಯಿತು, ಮಾತ್ರೆ ಬದಲಾಗಿ ಟ್ಯಾಪೆಂಟಡಾಲ್ ಬಂತು. ಟ್ಯಾಪೆಂಟಡಾಲ್ ಬಗ್ಗೆ ಮೊದಮೊದಲು ಬರೆದವರಲ್ಲಿ ನಿಮ್ಹಾನ್ಸ್ ವೈದ್ಯರೂ ಇದ್ದಾರೆ. ವಿದೇಶಿ ತರಬೇತಿ ಪುಸ್ತಕಗಳಲ್ಲಿ ಪುಟಗಟ್ಟಲೆ ಇರುವುದು ಫೆಂಟನಿಲ್ ಎಂಬ ಬೇರೆ ಮಾದಕ. ಟ್ಯಾಪೆಂಟಡಾಲ್ ಹೆಸರು ಹುಡುಕಿದರೂ ಸಿಗುವುದು ಕಷ್ಟ.

ಅದರಿಂದಾಗುವ ತೊಡಕು ಒಂದೆರಡಲ್ಲ. ಮೊದಲನೆಯದು ಮೂತ್ರಪರೀಕ್ಷೆ. ಸಾಮಾನ್ಯವಾಗಿ ಸಿಗುವ ಪರೀಕ್ಷಾ ಪಟ್ಟಿಗಳು (ಸ್ಟ್ರಿಪ್) ಮಾರ್ಫಿನ್ ಜಾತಿಯದನ್ನು ಗುರುತಿಸುತ್ತವೆ; ಟ್ಯಾಪೆಂಟಡಾಲ್ ಕೃತಕವಾದದ್ದು, ಪಟ್ಟಿಗೆ ಸಿಕ್ಕುವುದಿಲ್ಲ. ದಿನಕ್ಕೆ ಹತ್ತಿಪ್ಪತ್ತು ಮಾತ್ರೆ ನುಂಗುವವನ ವರದಿಯೂ ಶುದ್ಧ. ವರದಿ ನಂಬಿ ‘ನೀನು ಸುಳ್ಳು ಹೇಳುತ್ತಿದ್ದೀಯೆ, ನಿನಗೆ ಚಟವೇ ಇಲ್ಲ’ ಎಂದು ಬೇರೆ ಕಡೆಯಿಂದ ವಾಪಸು ಕಳುಹಿಸಲ್ಪಟ್ಟು ಬಂದವರನ್ನು ನಾನು ನೋಡಿದ್ದೇನೆ. ನಾವು ಪಟ್ಟಿಗಿಂತ ಕಣ್ಣನ್ನು ನಂಬುತ್ತೇವೆ. ಪಾಪೆ ಅರಳಿದೆಯೇ, ರೋಮಾಂಚನವಿದೆಯೇ, ನಾಡಿ ಎಷ್ಟು ಎಂದು ‘ಕೌಸ್’ ಅಳತೆಪಟ್ಟಿಯಲ್ಲಿ ಅಂಕ ಹಾಕಿ, ವಿತ್‌ಡ್ರಾವಲ್, ಅಂದರೆ ನಶೆ ಇಳಿದಾಗಿನ ಯಾತನೆ, ಸ್ಪಷ್ಟವಾದ ಮೇಲೆಯೇ ಬುಪ್ರೆನಾರ್ಫಿನ್‌ನ ಮೊದಲ ಡೋಸ್. ಅದಕ್ಕೂ ಮೊದಲು ಕೊಟ್ಟರೆ ಗ್ರಾಹಕದ ಮೇಲೆ ಕುಳಿತಿರುವ ನಶೆಯನ್ನು ಅದು ಒಮ್ಮೆಲೇ ತಳ್ಳಿಹಾಕುತ್ತದೆ. ಆ ನರಳಾಟ ಕಂಡವನು ಮತ್ತೆ ಕೇಂದ್ರದ ಕಡೆ ತಲೆ ಹಾಕುವುದಿಲ್ಲ.

ಎರಡನೆಯದು ಗಾಯ. ಮಾತ್ರೆ ನುಂಗಲೆಂದು ಮಾಡಿದ್ದು. ಅದರಲ್ಲಿ ಟಾಲ್ಕ್ ಮತ್ತಿತರ ಕರಗದ ಪುಡಿ ಇರುತ್ತದೆ. ಅದು ರಕ್ತನಾಳಕ್ಕೆ ಹೋದರೆ ಕೀವು, ಊತ, ಶ್ವಾಸಕೋಶದಲ್ಲಿ ಗಂಟು. ಇಲ್ಲಿ ನಮಗೆ ಕೈ ಹಿಡಿದವರು ಹೋಬಾರ್ಟ್‌ನ ನರ್ಸ್. ಟಾಸ್ಮೇನಿಯಾ ದ್ವೀಪ, ಅಲ್ಲಿ ಬಹುಕಾಲದಿಂದ ಹೆರಾಯಿನ್‌ಗಿಂತ ಔಷಧದ ಮಾತ್ರೆಗಳನ್ನೇ ಚುಚ್ಚಿಕೊಳ್ಳುವುದು. ಮಾತ್ರೆಯ ಕಣಗಳನ್ನು ಹಿಡಿಯುವ ಚಕ್ರದಂಥ ಫಿಲ್ಟರ್‌ಗಳನ್ನು ಆಸ್ಟ್ರೇಲಿಯಾದ ಸೂಜಿ ವಿತರಣಾ ಕೇಂದ್ರಗಳಲ್ಲಿ ಇಟ್ಟಿರುತ್ತಾರೆ. ನಮ್ಮ ಖರೀದಿ ಪಟ್ಟಿಯಲ್ಲಿ ಅದಿಲ್ಲ. ಸೂಜಿ, ಸಿರಿಂಜು, ಹತ್ತಿ, ಸ್ಪಿರಿಟ್ ಅಷ್ಟೇ. ಆದರೆ ಗಾಯವನ್ನು ಬೇಗ ಗುರುತಿಸುವುದು, ಯಾವ ಊತಕ್ಕೆ ಅಂದೇ ಶಸ್ತ್ರಚಿಕಿತ್ಸಕರ ಬಳಿ ಕಳುಹಿಸಬೇಕು, ಯಾವುದಕ್ಕೆ ಡ್ರೆಸ್ಸಿಂಗ್ ಸಾಕು ಎಂಬುದನ್ನು ಆಕೆ ಫೋಟೊಗಳನ್ನು ಇಟ್ಟುಕೊಂಡು ಕಲಿಸಿದ ರೀತಿಯಲ್ಲಿ ನನ್ನ ವೈದ್ಯ ಕಾಲೇಜಿನಲ್ಲೂ ಯಾರೂ ಕಲಿಸಿರಲಿಲ್ಲ. ಕಲಿತವರು ನಮ್ಮ ಪಿಯರ್ ಎಜುಕೇಟರ್‌ಗಳು. ಈಗ ಗಾಯವನ್ನು ನನಗಿಂತ ಮೊದಲು ನೋಡುವವರೂ ಅವರೇ, ಏಕೆಂದರೆ ಅಂಗಿಯ ತೋಳನ್ನು ವೈದ್ಯರ ಮುಂದೆ ಮಡಿಚಲು ಹಿಂಜರಿಯುವವರು ಅವರ ಮುಂದೆ ಹಿಂಜರಿಯುವುದಿಲ್ಲ.

ಅಕ್ರಾದ ವೈದ್ಯರು ಒಂದು ದಿನ ತಮ್ಮ ಪ್ರಕರಣ ಹೇಳುತ್ತಾ ಮಾತ್ರೆಯ ಹಾಳೆಯೊಂದರ ಚಿತ್ರ ತೋರಿಸಿದರು. ಟ್ಯಾಪೆಂಟಡಾಲ್ ಮತ್ತು ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಎರಡೂ ಸೇರಿದ ಮಾತ್ರೆ. ಹಿಂಬದಿಯಲ್ಲಿ ‘ಭಾರತದಲ್ಲಿ ತಯಾರಾದದ್ದು’ ಎಂದಿತ್ತು. ನಮ್ಮ ಕೋಣೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಪಶ್ಚಿಮ ಆಫ್ರಿಕಾಕ್ಕೆ ಇಂಥ ಮಾತ್ರೆಗಳು ಹೋಗುತ್ತಿದ್ದುದನ್ನು ಪತ್ರಕರ್ತರು ಬಯಲಿಗೆಳೆದ ಮೇಲೆ, 2025ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಈ ಜೋಡಿಯ ತಯಾರಿಕೆ ಮತ್ತು ರಫ್ತಿನ ಅನುಮತಿಯನ್ನು ಹಿಂಪಡೆಯಿತು. ಆದರೆ ಚಟಕ್ಕೆ ಬಿದ್ದವರು ಅಲ್ಲಿ ಇದ್ದಾರಲ್ಲ. ಮೂತ್ರಪರೀಕ್ಷೆಯ ಪೊಳ್ಳುತನ, ಮೊದಲ ಡೋಸ್‌ಗೆ ಎಷ್ಟು ಕಾಯಬೇಕು, ಕ್ಯಾರಿಸೊಪ್ರೊಡಾಲ್ ಒಮ್ಮೆಲೇ ನಿಲ್ಲಿಸಿದರೆ ಅದಕ್ಕೇ ಬೇರೆ ವಿತ್‌ಡ್ರಾವಲ್ ಉಂಟು ಎಂಬ ಎಚ್ಚರಿಕೆ, ಎಲ್ಲವನ್ನೂ ನಮ್ಮ ಕೇಂದ್ರದ ದಾಖಲೆಗಳಿಂದ ತೆಗೆದು ಅವರಿಗೆ ಕೊಟ್ಟೆವು. ಮಾತ್ರೆ ಹೋದ ದಾರಿಯಲ್ಲೇ ಅದರ ಚಿಕಿತ್ಸೆಯ ಅನುಭವವೂ ಹೋಗಬೇಕಾದದ್ದು ನ್ಯಾಯ. ಅಂತರರಾಷ್ಟ್ರೀಯ ಸಹಕಾರವೆಂದರೆ ಶ್ರೀಮಂತ ದೇಶದಿಂದ ಬಡದೇಶಕ್ಕೆ ಇಳಿಯುವ ನೀರು ಎಂದು ಭಾವಿಸುವವರಿಗೆ ನಾನು ಈ ಪ್ರಸಂಗ ಹೇಳುತ್ತೇನೆ.

ತರಬೇತಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನ್ಯಾಲಾಕ್ಸೋನ್ ಪಾಠ. ನಶೆ ಮಿತಿಮೀರಿ ಉಸಿರು ನಿಲ್ಲುವಾಗ ಅದನ್ನು ಹಿಂದಕ್ಕೆ ತರುವ ಔಷಧ. ಷಿಕಾಗೊದಲ್ಲಿ ಡ್ಯಾನ್ ಬಿಗ್ ಮತ್ತು ಅವರ ಗೆಳೆಯರು 1996ರಲ್ಲೇ ಇದನ್ನು ಮಾದಕವಸ್ತು ಬಳಸುವವರ ಕೈಗೇ ಕೊಡಲು ಆರಂಭಿಸಿದರು. ನಶೆ ಮಿತಿಮೀರುವುದನ್ನು ಕಣ್ಣೆದುರು ನೋಡುವ ಸಾಧ್ಯತೆಯಿರುವ ಯಾರಿಗೇ ಆಗಲಿ ಕಲಿಸಿ, ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2014ರಲ್ಲಿ. ನಮಗೆ ಬಂದ ತರಬೇತಿ ಚಿತ್ರಗಳಲ್ಲಿ ಮೂಗಿಗೆ ಸಿಂಪಡಿಸುವ ಸಾಧನವಿತ್ತು. ನಮ್ಮ ಬೀರುವಿನಲ್ಲಿದ್ದದ್ದು ಗಾಜಿನ ಆಂಪ್ಯೂಲ್. ಕತ್ತಲಲ್ಲಿ, ನಡುಗುವ ಕೈಯಲ್ಲಿ, ಗಾಜಿನ ಕತ್ತು ಮುರಿಯುವುದು ಹೇಗೆ?

‘ಮೇಡಂ, ಮಕ್ಕಳ ಪೆನ್ಸಿಲ್ ಡಬ್ಬಿ ತನ್ನಿ’ ಎಂದವರು ನಮ್ಮ ಹಿರಿಯ ಪಿಯರ್ ಎಜುಕೇಟರ್. ಅದರಲ್ಲಿ ಹತ್ತಿ ಹಾಸಿ ಎರಡು ಆಂಪ್ಯೂಲ್, ಎರಡು ಸಿರಿಂಜು, ಕತ್ತು ಮುರಿಯುವಾಗ ಹಿಡಿಯಲು ಒಂದು ಬಟ್ಟೆ ತುಂಡು. ತೊಡೆಗೆ ಚುಚ್ಚುವ ಅಭ್ಯಾಸ ಮೂಸಂಬಿಯ ಮೇಲೆ. ವೈದ್ಯರ ಚೀಟಿ ಬೇಕಾದ ಔಷಧವಾದ್ದರಿಂದ ಚುಚ್ಚಿಕೊಳ್ಳುವವರು ಬಂದುಹೋಗುವ ಡ್ರಾಪ್‌ಇನ್ ಕೇಂದ್ರದಲ್ಲಿಡಲು ನಾನು ಲಿಖಿತ ಆದೇಶ ಬರೆದುಕೊಟ್ಟೆ. ಚುಚ್ಚಿಕೊಳ್ಳುವವರ ಗುಂಪಿನಲ್ಲಿ ಅದುವರೆಗೆ ನಡೆಯುತ್ತಿದ್ದ ಉಪಚಾರಗಳನ್ನು ಅವರೇ ಹೇಳಿದರು: ಮುಖಕ್ಕೆ ತಣ್ಣೀರು, ಕೆನ್ನೆಗೆ ಏಟು, ಉಪ್ಪುನೀರಿನ ಚುಚ್ಚು. ಇವು ಯಾವುವೂ ಉಸಿರನ್ನು ತರುವುದಿಲ್ಲ, ಹೊತ್ತು ಕಳೆಯುತ್ತವೆ. ಮೊದಲು ಬಾಯಿಗೆ ಬಾಯಿಟ್ಟು ಉಸಿರು, ಆಮೇಲೆ ನ್ಯಾಲಾಕ್ಸೋನ್, ಎಚ್ಚರವಾದ ಮೇಲೂ ಪಕ್ಕದಲ್ಲೇ ಕೂರುವುದು. ಈ ಕೂರುವುದನ್ನು ಒಪ್ಪಿಸುವುದೇ ಕಷ್ಟದ ಪಾಠ. ನ್ಯಾಲಾಕ್ಸೋನ್ ಅರ್ಧದಿಂದ ಒಂದೂವರೆ ಗಂಟೆಯಲ್ಲಿ ಇಳಿಯುತ್ತದೆ, ನಶೆ ಇನ್ನೂ ರಕ್ತದಲ್ಲಿರುತ್ತದೆ. ಎದ್ದವನು ಸಿಟ್ಟಿನಿಂದಲೇ ಎದ್ದು ಮತ್ತೊಂದು ಚುಚ್ಚಿಗೆ ಹೊರಡುತ್ತಾನೆ. ಅವನನ್ನು ಹಿಡಿದು ಕೂರಿಸುವ ಮಾತು ಗೆಳೆಯನಿಗೆ ಬರುತ್ತದೆ, ನನಗಲ್ಲ.

‘108ಕ್ಕೆ ಕರೆ ಮಾಡಿ’ ಎಂಬಲ್ಲಿ ಪಾಠ ನಿಂತುಬಿಟ್ಟಿತು. ಆಂಬುಲೆನ್ಸ್ ಜೊತೆ ಪೊಲೀಸರೂ ಬರುತ್ತಾರೆಂಬ ಭಯ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಹೀಗೆ ಕರೆ ಮಾಡಿದವರಿಗೆ ಕಾನೂನಿನ ರಕ್ಷಣೆಯಿದೆ. ನಮ್ಮಲ್ಲಿ ನೆರವಿಗೆ ಧಾವಿಸುವವರಿಗೆ 2019ರ ತಿದ್ದುಪಡಿಯಲ್ಲಿ ಸಿಕ್ಕ ರಕ್ಷಣೆ ರಸ್ತೆ ಅಪಘಾತಗಳಿಗೆ ಸೀಮಿತ. ಕೊನೆಗೆ ನಾವು ಕಲಿಸುವುದು ಇಷ್ಟು: ‘ಪ್ರಜ್ಞೆಯಿಲ್ಲ, ಉಸಿರಾಡುತ್ತಿಲ್ಲ’ ಎಂದು ಹೇಳಿ, ಜಾಗ ಹೇಳಿ. ಕಾರಣವನ್ನು ಬಂದ ಸಿಬ್ಬಂದಿಗೆ ಹೇಳಿದರೆ ಸಾಕು.

ಸಂಶೋಧನೆಯ ಭಾಗವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ಹೆಚ್ಚಿನದು ಕಾಗದಪತ್ರ. ಹೊರದೇಶದ ಹಣ ಅಥವಾ ಪಾಲುದಾರಿಕೆಯಿರುವ ಆರೋಗ್ಯ ಸಂಶೋಧನೆಗೆ ನಮ್ಮ ನೈತಿಕ ಸಮಿತಿಯಷ್ಟೇ ಸಾಲದು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸುವ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆಯೂ ಬೇಕು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಯೋಜನೆಯ ಮೊದಲ ವರ್ಷವನ್ನು ಅದಕ್ಕೇ ಬಿಟ್ಟುಬಿಡಿ ಎಂದು ವಿದೇಶಿ ಪಾಲುದಾರರಿಗೆ ಮೊದಲೇ ಹೇಳುವುದು ಮರ್ಯಾದೆ.

ಜಗಳ ಆದದ್ದು ಎರಡು ಕಡೆ. ಒಂದು, ಕಳೆದ ಮೂವತ್ತು ದಿನದಲ್ಲಿ ಯಾವ ಯಾವ ದಿನ ಚುಚ್ಚಿಕೊಂಡಿರಿ ಎಂದು ಕ್ಯಾಲೆಂಡರ್ ಇಟ್ಟುಕೊಂಡು ನೆನಪಿಸುವ ವಿಧಾನ. ವಿದೇಶಿ ಪಾಲುದಾರರು ಕಳುಹಿಸಿದ ಹಾಳೆಯಲ್ಲಿ ನೆನಪಿನ ಗುರುತಾಗಿ ಇದ್ದದ್ದು ಅಮೆರಿಕದವರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ನಾವು ಅದನ್ನು ತೆಗೆದು ಯುಗಾದಿ, ರಂಜಾನ್, ಗಣೇಶನ ಹಬ್ಬ, ಎಲ್ಲಕ್ಕಿಂತ ಮುಖ್ಯವಾಗಿ ಶನಿವಾರದ ಬಟವಾಡೆಯನ್ನು ಗುರುತು ಹಾಕಿದೆವು. ಕೂಲಿ ಕೈಗೆ ಬಂದ ದಿನ ಯಾರಿಗೂ ಮರೆಯುವುದಿಲ್ಲ. ಇನ್ನೊಂದು, ಭಾಗವಹಿಸುವವರಿಗೆ ಹಣ ಕೊಡಬೇಕೇ ಎಂಬುದು. ಕೊಟ್ಟರೆ ನಶೆಗೆ ಹಾಕುತ್ತಾರೆ, ಬಿಸ್ಕತ್ತು ಪೊಟ್ಟಣ ಕೊಡಿ ಎಂದು ನಮ್ಮವರೇ ವಾದಿಸಿದರು. ಅರ್ಧ ದಿನದ ಕೂಲಿ ಬಿಟ್ಟು ಬಂದವನಿಗೆ ಬಿಸ್ಕತ್ತು ಕೊಡುವುದು ಅವಮಾನ ಎಂಬುದು ನನ್ನ ನಿಲುವು, ಈಗಲೂ. ನಗದು ಕೊಡುವಂತಾಯಿತು. ಪ್ರಶ್ನೆ ಕೇಳುವವರು ತರಬೇತಿ ಪಡೆದ ಪಿಯರ್‌ಗಳೇ ಆಗಿದ್ದರಿಂದ ಉತ್ತರವೂ ನೆಟ್ಟಗೆ ಬಂತು. ಚಿಕಿತ್ಸೆಗೆ ತಾವಾಗಿ ಬಂದ ವ್ಯಸನಿಗೆ ಸಣ್ಣ ಪ್ರಮಾಣದ ಅಪರಾಧಗಳಲ್ಲಿ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಕಲಮು ನಮ್ಮ ಮಾದಕವಸ್ತು ಕಾಯ್ದೆಯಲ್ಲೇ ಇದೆ. ಅದನ್ನು ಒಪ್ಪಿಗೆ ಪತ್ರ ಓದುವಾಗಲೇ ವಿವರಿಸುತ್ತೇವೆ. ಆ ಕಲಮು ಇದೆಯೆಂದು ಅದುವರೆಗೆ ಯಾರೂ ತಮಗೆ ಹೇಳಿರಲಿಲ್ಲ ಎನ್ನುವವರೇ ಹೆಚ್ಚು.

ಬೇರೆಯವರ ಸಂಶೋಧನೆಯಿಂದ ನೇರವಾಗಿ ಎತ್ತಿಕೊಂಡದ್ದು ಒಂದಿದೆ. ಇಂಡೊನೇಷ್ಯಾ, ಉಕ್ರೇನ್, ವಿಯೆಟ್ನಾಂ ಮೂರೂ ಕಡೆ ಒಟ್ಟಿಗೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ. ಎಚ್‌ಐವಿ ಇರುವ, ಚುಚ್ಚಿಕೊಳ್ಳುವ ಜನರಿಗೆ ಆಸ್ಪತ್ರೆಯ ಕಿಟಕಿಯಿಂದ ಕಿಟಕಿಗೆ ಜೊತೆಯಲ್ಲಿ ಹೋಗುವ ಒಬ್ಬ ದಾರಿತೋರುಗನನ್ನೂ ಸ್ವಲ್ಪ ಆಪ್ತಸಮಾಲೋಚನೆಯನ್ನೂ ಕೊಟ್ಟಾಗ ಸಾವಿನ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಹೊಸ ಔಷಧವಲ್ಲ, ಯಂತ್ರವಲ್ಲ, ಜೊತೆಗೊಬ್ಬ ಮನುಷ್ಯ. ಅದನ್ನು ಓದಿದ ವಾರವೇ ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಕೇಂದ್ರಕ್ಕೆ ರೋಗಿಯ ಜೊತೆ ಪಿಯರ್ ಹೋಗುವಂತೆ ಮಾಡಿದೆವು. ಖರ್ಚು ಎರಡು ಬಸ್ ಟಿಕೆಟ್.

2025ರ ಮೇ ತಿಂಗಳಲ್ಲಿ ಆರೋಗ್ಯ ಸಂಶೋಧನೆಗೆ ಹಣ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಚ್, ಹೊಸ ವ್ಯವಸ್ಥೆ ಬರುವವರೆಗೆ ವಿದೇಶಿ ಸಂಸ್ಥೆಗಳಿಗೆ ಉಪ-ಅನುದಾನ ಕೊಡುವುದಿಲ್ಲ ಎಂದಿತು. ಅದರ ಬಿಸಿ ನಮ್ಮ ಪರಿಚಯದ ಹಲವು ತಂಡಗಳಿಗೆ ತಟ್ಟಿದೆ. ನಮ್ಮ ವಾರದ ಚರ್ಚೆಗೆ ಹಣದ ಹಂಗಿಲ್ಲದ್ದರಿಂದ ನಡೆದುಕೊಂಡು ಹೋಗುತ್ತಿದೆ.

ಸದ್ಯ ಅಲ್ಲಿ ನಾವು ಮುಂದಿಟ್ಟಿರುವ ವಿಷಯ ಮನೆಗೆ ಕೊಡುವ ಡೋಸ್. 2020ರ ಕೋವಿಡ್ ಲಾಕ್‌ಡೌನ್‌ನಲ್ಲಿ ನ್ಯಾಕೋ ಹಲವು ದಿನಗಳ ಬುಪ್ರೆನಾರ್ಫಿನ್ ಒಟ್ಟಿಗೆ ಕೊಡಲು ಅನುಮತಿ ನೀಡಿತ್ತು. ಅಮೆರಿಕದಲ್ಲೂ ಆಗ, ಚಿಕಿತ್ಸೆಯಲ್ಲಿ ನೆಲೆನಿಂತವರಿಗೆ 28 ದಿನಗಳವರೆಗಿನ ಮೆಥಡೋನ್ ಕೊಡಲು ಸಡಿಲಿಕೆ ಬಂತು. 2024ರಲ್ಲಿ ಅವರು ಅದನ್ನು ಕಾಯಂ ನಿಯಮ ಮಾಡಿಕೊಂಡರು. ಬೆಳಗಿನ ಪಾಳಿ ಬಿಟ್ಟು ದಿನವೂ ನಮ್ಮ ಬೆಂಚಿನ ಮೇಲೆ ಕೂರಬೇಕೆಂದರೆ ಕೆಲಸ ಉಳಿಯುವುದಿಲ್ಲ, ಕೆಲಸ ಹೋದರೆ ಚಿಕಿತ್ಸೆಯೂ ಉಳಿಯುವುದಿಲ್ಲ ಎಂಬುದು ನನ್ನ ವಾದ. ಮಾತ್ರೆ ಬೀದಿಯಲ್ಲಿ ಮಾರಾಟವಾದರೆ ಯಾರು ಹೊಣೆ ಎಂಬುದು ಫಾರ್ಮಸಿಸ್ಟ್ ಅವರ ವಾದ. ಆರು ತಿಂಗಳು ತಪ್ಪದೆ ಬಂದವರಿಗೆ, ಮನೆಯವರೊಬ್ಬರು ಜವಾಬ್ದಾರಿ ಹೊತ್ತರೆ, ಎರಡು ದಿನದ್ದು ಕೊಡಲು ಅವರು ಒಪ್ಪಿದ್ದಾರೆ. ನಾನು ಏಳು ಕೇಳುತ್ತಿದ್ದೇನೆ.